ಓದುಗರ ಪ್ರಶ್ನೆ, ತಜ್ಞರ ಉತ್ತರ: ಸೆರಾಮಿಕ್ ಪೊರೆಯಲ್ಲಿ ಅನಿಲ ಸೋಸಿದರೆ ಶಕ್ತಿ ಎಲ್ಲಿ ಉಳಿಯುತ್ತದೆ?

ಈ ಬಾರಿಯ ಅಂಕಣ ಪೂರ್ತಿ ಒಂದೇ ವಿಷಯಕ್ಕೆ ಮೀಸಲು. ಉದ್ಯಮದವರು ಮೆಂಬ್ರೇನ್ ಎನ್ನುವ ತೆಳು ಪೊರೆಯನ್ನು ಸೆರಾಮಿಕ್‌ನಲ್ಲಿ ಮಾಡಿ, ಅದರಿಂದ ಅನಿಲಗಳನ್ನು ಬೇರ್ಪಡಿಸುವುದರ ಬಗ್ಗೆ ವಿದ್ಯಾರ್ಥಿಗಳು, ಕಾರ್ಖಾನೆಯವರು, ಸಂಶೋಧಕರು ಬರೆದ ಪತ್ರಗಳಿಂದ ಪ್ರಶ್ನೆಗಳನ್ನು ಆಯ್ದುಕೊಂಡಿದ್ದೇವೆ.

ಪ್ರಶ್ನೆ: ಪಿಂಗಾಣಿ ಬಟ್ಟಲಿನಿಂದ ನೀರು ಕೂಡ ಸೋರುವುದಿಲ್ಲ. ಅಂಥ ವಸ್ತುವಿನ ಮೂಲಕ ಅನಿಲ ದಾಟುವುದು, ಅದರಲ್ಲೂ ಒಂದು ದಾಟಿ ಇನ್ನೊಂದು ನಿಲ್ಲುವುದು ಹೇಗೆ? (ಬಿ.ಎಸ್ಸಿ. ವಿದ್ಯಾರ್ಥಿನಿ)

ಉತ್ತರ: ಪಿಂಗಾಣಿಯನ್ನು ಹೆಚ್ಚು ಕಾವಿನಲ್ಲಿ ಸುಟ್ಟು ಒಳಗಿನ ರಂಧ್ರಗಳನ್ನೆಲ್ಲ ಮುಚ್ಚಿರುತ್ತಾರೆ. ಪೊರೆ ಮಾಡುವವರು ಅದೇ ಸುಡುವ ಕೆಲಸವನ್ನು ಬೇಕೆಂದೇ ಅರ್ಧಕ್ಕೆ ನಿಲ್ಲಿಸುತ್ತಾರೆ. ಆಗ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಕಣಗಳು ಒಂದಕ್ಕೊಂದು ಅಂಟಿಕೊಂಡರೂ ನಡುವಿನ ಜಾಗ ತೆರೆದೇ ಇರುತ್ತದೆ. ಇದು ಆಧಾರದ ಪದರ. ಒಂದೆರಡು ಮಿಲಿಮೀಟರ್ ದಪ್ಪ, ರಂಧ್ರಗಳು 0.1 ಮೈಕ್ರೋಮೀಟರಿನಿಂದ ಕೆಲವು ಮೈಕ್ರೋಮೀಟರಿನವರೆಗೆ. ಅದರ ಮೇಲೆ ಗಾಮಾ ಅಲ್ಯುಮಿನಾದ (ಅಲ್ಯುಮಿನಾದ್ದೇ ಇನ್ನೊಂದು ಸ್ಫಟಿಕ ರೂಪ) ಪದರ, ರಂಧ್ರ ಸುಮಾರು 4ರಿಂದ 5 ನ್ಯಾನೋಮೀಟರ್. ಅದರ ಮೇಲೆ ನಿಜವಾಗಿ ಆರಿಸುವ ಪದರ: ಸಿಲಿಕಾ ಅಥವಾ ಜಿಯೋಲೈಟ್ (ಸ್ಫಟಿಕದಲ್ಲೇ ಒಂದೇ ಅಳತೆಯ ಸೂಕ್ಷ್ಮ ರಂಧ್ರಗಳಿರುವ ವಸ್ತು), ರಂಧ್ರ 0.3ರಿಂದ 0.6 ನ್ಯಾನೋಮೀಟರ್.

ಅಣುಗಳ ಗಾತ್ರ ನೋಡಿ: ಜಲಜನಕ 0.289, ಇಂಗಾಲದ ಡೈಆಕ್ಸೈಡ್ 0.33, ಆಮ್ಲಜನಕ 0.346, ಸಾರಜನಕ 0.364, ಮೀಥೇನ್ 0.38 ನ್ಯಾನೋಮೀಟರ್. ಸಾಪೋ-34 ಎಂಬ ಜಿಯೋಲೈಟ್‌ನ ಬಾಗಿಲು 0.38 ನ್ಯಾನೋಮೀಟರ್. ಇಂಗಾಲದ ಡೈಆಕ್ಸೈಡ್ ಸಲೀಸಾಗಿ ನುಗ್ಗುತ್ತದೆ, ಮೀಥೇನ್ ಹೊಸ್ತಿಲಲ್ಲೇ ತಿಣುಕುತ್ತದೆ. ಗಾತ್ರವೊಂದೇ ಕಾರಣವಲ್ಲ, ಇಂಗಾಲದ ಡೈಆಕ್ಸೈಡ್ ಜಿಯೋಲೈಟ್‌ನ ಗೋಡೆಗೆ ಹೆಚ್ಚು ಅಂಟಿಕೊಂಡು, ಒಳಗಿನ ಜಾಗವನ್ನೆಲ್ಲ ತಾನೇ ಹಿಡಿದು ಮೀಥೇನ್‌ಗೆ ಎಡೆ ಕೊಡುವುದಿಲ್ಲ.

ರಂಧ್ರ ಇದಕ್ಕಿಂತ ದೊಡ್ಡದಾಗಿ, ಆದರೆ ಅಣು ಇನ್ನೊಂದು ಅಣುವಿಗೆ ಡಿಕ್ಕಿ ಹೊಡೆಯುವ ಮೊದಲು ಸಾಗುವ ದೂರಕ್ಕಿಂತ ಚಿಕ್ಕದಾಗಿದ್ದರೆ (ಸಾಮಾನ್ಯ ಒತ್ತಡದ ಗಾಳಿಯಲ್ಲಿ ಆ ದೂರ ಸುಮಾರು 70 ನ್ಯಾನೋಮೀಟರ್), ಅಣುಗಳು ಗೋಡೆಗೆ ಮಾತ್ರ ಬಡಿಯುತ್ತಾ ಸಾಗುತ್ತವೆ. ಇದು ನುಡ್ಸೆನ್ ಹರಿವು. ಹಗುರವಾದದ್ದು ಬೇಗ ಹೋಗುತ್ತದೆ, ಅಷ್ಟೇ. ಸಾರಜನಕಕ್ಕೆ ಹೋಲಿಸಿದರೆ ಜಲಜನಕದ ಮೇಲುಗೈ 28ನ್ನು 2ರಿಂದ ಭಾಗಿಸಿ ವರ್ಗಮೂಲ ತೆಗೆದಷ್ಟು, ಅಂದರೆ 3.74. ಯುರೇನಿಯಂ ಹೆಕ್ಸಾಫ್ಲೋರೈಡ್‌ನ ಎರಡು ಐಸೊಟೋಪುಗಳ ನಡುವೆ ಈ ಸಂಖ್ಯೆ ಬರೀ 1.0043. ಅದಕ್ಕೇ ಫ್ರಾನ್ಸಿನ ಟ್ರಿಕಾಸ್ಟಾನ್‌ನಲ್ಲಿದ್ದ ಯುರೇನಿಯಂ ಸ್ಥಾವರದಲ್ಲಿ ಒಂದೇ ಕೆಲಸವನ್ನು ಸಾವಿರಕ್ಕೂ ಹೆಚ್ಚು ಹಂತಗಳಲ್ಲಿ ಮತ್ತೆ ಮತ್ತೆ ಮಾಡಬೇಕಾಗಿತ್ತು.

ಮೂರನೆಯ ಬಗೆಯಲ್ಲಿ ರಂಧ್ರವೇ ಇಲ್ಲ. ಪೆರೋವ್‌ಸ್ಕೈಟ್ ಎಂಬ ಸ್ಫಟಿಕ ರಚನೆಯ ಕೆಲವು ಆಕ್ಸೈಡುಗಳನ್ನು 800ರಿಂದ 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ, ಸ್ಫಟಿಕದೊಳಗೆ ಖಾಲಿ ಇರುವ ಆಮ್ಲಜನಕದ ಜಾಗಗಳಿಗೆ ಪಕ್ಕದ ಆಮ್ಲಜನಕ ಅಯಾನು (ವಿದ್ಯುದಂಶ ಹೊತ್ತ ಪರಮಾಣು) ನೆಗೆಯುತ್ತದೆ, ಅದರ ಜಾಗಕ್ಕೆ ಮತ್ತೊಂದು. ಹೀಗೆ ಒಂದು ಬದಿಯ ಆಮ್ಲಜನಕ ಇನ್ನೊಂದು ಬದಿಯಲ್ಲಿ ಹೊರಬರುತ್ತದೆ. ಬೇರೆ ಯಾವ ಅನಿಲಕ್ಕೂ ಅಲ್ಲಿ ದಾರಿಯಿಲ್ಲ.

ಪ್ರಶ್ನೆ: ಪೊರೆ ಬಳಸಿದರೆ ಶಕ್ತಿ ಉಳಿಯುತ್ತದೆ ಎಂದು ಎಲ್ಲೆಡೆ ಓದುತ್ತೇವೆ. ಕಂಪ್ರೆಸರ್ ಓಡಿಸಲೇಬೇಕಲ್ಲ? ಉಳಿತಾಯ ನಿಜವೇ? (ಪ್ರಕ್ರಿಯಾ ಇಂಜಿನಿಯರ್)

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಪೊರೆ ತಾನಾಗಿ ಒಂದು ಯೂನಿಟ್ ವಿದ್ಯುತ್ತನ್ನೂ ಬಳಸುವುದಿಲ್ಲ, ಆದರೆ ಅದರ ಎರಡು ಬದಿಗಳ ನಡುವೆ ಒತ್ತಡದ ಅಂತರ ಬೇಕು. ಆ ಅಂತರ ಎಲ್ಲಿಂದ ಬಂತು ಎನ್ನುವುದರ ಮೇಲೆ ಲೆಕ್ಕವೆಲ್ಲ ನಿಂತಿದೆ.

ಬೆರೆತದ್ದನ್ನು ಬಿಡಿಸಲು ಪ್ರಕೃತಿ ಕೇಳುವ ಕನಿಷ್ಠ ಕೂಲಿ ಬಹಳ ಸಣ್ಣದು. ಗಾಳಿಯನ್ನು 25 ಡಿಗ್ರಿಯಲ್ಲಿ ಪೂರ್ತಿ ಬಿಡಿಸಲು ಒಂದು ಟನ್ ಆಮ್ಲಜನಕಕ್ಕೆ ಸುಮಾರು 53 ಕಿಲೋವ್ಯಾಟ್-ಗಂಟೆ ಸಾಕು. ಗಾಳಿಯನ್ನು ದ್ರವವಾಗಿಸಿ ಬಟ್ಟಿ ಇಳಿಸುವ ದೊಡ್ಡ ಸ್ಥಾವರಗಳು ಸುಮಾರು 200 ಬಳಸುತ್ತವೆ. ಕನಿಷ್ಠದ ನಾಲ್ಕು ಪಟ್ಟು ಎಂದರೆ ಕೈಗಾರಿಕೆಯ ಮಟ್ಟಿಗೆ ಒಳ್ಳೆಯ ಸಾಧನೆಯೇ. ಅದನ್ನು ಸೋಲಿಸುವುದು ಸುಲಭವಲ್ಲ. ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಹಿಡಿಯುವ ಅಮೈನ್ ದ್ರಾವಣದ ಕಥೆ ಬೇರೆ. ಕನಿಷ್ಠ ಕೆಲಸ ಟನ್ನಿಗೆ ಸುಮಾರು 0.16 ಗಿಗಾಜೌಲ್ ಇರುವಲ್ಲಿ, ದ್ರಾವಣವನ್ನು ಕುದಿಸಿ ಮರುಬಳಕೆಗೆ ತರಲು 3ರಿಂದ 4 ಗಿಗಾಜೌಲ್ ಶಾಖ ಹೋಗುತ್ತದೆ. ಇವೆರಡನ್ನೂ ನೇರವಾಗಿ ಹೋಲಿಸಬೇಡಿ. 120 ಡಿಗ್ರಿಯ ಉಗಿಯ ಶಾಖದಲ್ಲಿ ಕೆಲಸವಾಗಿ ಮಾರ್ಪಡಬಲ್ಲದ್ದು ಹೆಚ್ಚೆಂದರೆ ಕಾಲು ಭಾಗ. ಹಾಗೆ ಇಳಿಸಿ ನೋಡಿದರೂ ಅಂತರ ಐದು ಪಟ್ಟಿನಷ್ಟಿದೆ.

ಪೊರೆ ಗೆಲ್ಲುವುದು ಎಲ್ಲಿ? ಒತ್ತಡ ಮೊದಲೇ ಕೈಯಲ್ಲಿದ್ದು, ನಮಗೆ ಬೇಕಾದ ಅನಿಲ ಪೊರೆ ದಾಟದೆ ಉಳಿಯುವ ಕಡೆ. ನೈಸರ್ಗಿಕ ಅನಿಲ ಬಾವಿಯಿಂದಲೇ 50 ಬಾರ್ ಒತ್ತಡದಲ್ಲಿ ಬಂದರೆ, ಇಂಗಾಲದ ಡೈಆಕ್ಸೈಡ್ ದಾಟಿ ಹೊರಗೆ ಹೋಗುತ್ತದೆ, ಮೀಥೇನ್ ಹೆಚ್ಚುಕಡಿಮೆ ಅದೇ ಒತ್ತಡದಲ್ಲಿ ಕೊಳವೆ ಮಾರ್ಗಕ್ಕೆ ಸೇರುತ್ತದೆ. ಅಮೋನಿಯಾ ಸ್ಥಾವರದಿಂದ ಹೊರಬಿಡುವ ಪರ್ಜ್ ಅನಿಲದಲ್ಲೂ ಒತ್ತಡ ಧಾರಾಳವಾಗಿದೆ. ಆದರೆ ಅಲ್ಲಿ ಬೇಕಾದದ್ದು ಜಲಜನಕ, ದಾಟುವುದೂ ಜಲಜನಕವೇ. ದಾಟಿದ ಮೇಲೆ ಅದರ ಒತ್ತಡ ಇಳಿದಿರುತ್ತದೆ. ಅದನ್ನು ಮತ್ತೆ ಏರಿಸುವ ಖರ್ಚನ್ನು ಸೇರಿಸದೆ ಬರೆದ ಉಳಿತಾಯದ ಪಟ್ಟಿಯನ್ನು ನಂಬಬೇಡಿ. ಇನ್ನು ವಾತಾವರಣದ ಒತ್ತಡದಲ್ಲೇ ಬರುವ ಅನಿಲ: ಅದನ್ನು 1ರಿಂದ 10 ಬಾರ್‌ಗೆ ಏರಿಸಲು, ತಣಿಸುತ್ತಾ ಆದರ್ಶವಾಗಿ ಒತ್ತಿದರೂ, ಮೋಲಿಗೆ 5.7 ಕಿಲೋಜೌಲ್ ಬೇಕು. ಆ ಅನಿಲದಲ್ಲಿ ಬೇಕಾದ ಭಾಗ ಶೇ 10 ಮಾತ್ರವಾದರೆ, ಬೇಡದ ಶೇ 90ನ್ನೂ ಒತ್ತಿದ ಹಾಗಾಯಿತು. ಅಂಥ ಕಡೆ ಒಳಬರುವುದನ್ನು ಒತ್ತುವ ಬದಲು, ದಾಟಿ ಬಂದದ್ದನ್ನು ವ್ಯಾಕ್ಯೂಮ್ ಪಂಪಿನಿಂದ ಸೆಳೆಯುವುದೇ ಜಾಣತನ.

ಯಾವ ಪ್ರಸ್ತಾವ ಬಂದರೂ ನಾವು ಮೊದಲು ನೋಡುವುದು ಕಂಪ್ರೆಸರ್ ಮತ್ತು ವ್ಯಾಕ್ಯೂಮ್ ಪಂಪಿನ ಸಾಲನ್ನು. ಪೊರೆಯ ಹೊಗಳಿಕೆಯನ್ನು ಆಮೇಲೆ ಓದಿದರಾಯಿತು.

ಪ್ರಶ್ನೆ: ಶೇ 13 ಇಂಗಾಲದ ಡೈಆಕ್ಸೈಡ್ ಇರುವ ಒಣ ಹೊಗೆಯನ್ನು 1 ಬಾರ್‌ನಲ್ಲಿ ಹರಿಸಿ, ಹಿಂಬದಿಯಲ್ಲಿ 0.2 ಬಾರ್ ವ್ಯಾಕ್ಯೂಮ್ ಇಟ್ಟೆವು. ಪೊರೆಯ ಸೆಲೆಕ್ಟಿವಿಟಿ (ಸಾರಜನಕಕ್ಕಿಂತ ಇಂಗಾಲದ ಡೈಆಕ್ಸೈಡನ್ನು ಎಷ್ಟು ಪಟ್ಟು ಸುಲಭವಾಗಿ ದಾಟಿಸುತ್ತದೆ ಎನ್ನುವ ಸಂಖ್ಯೆ) 50. ಶೇ 90 ಶುದ್ಧತೆ ನಿರೀಕ್ಷಿಸಿದ್ದೆವು, ಶೇ 55ನ್ನು ದಾಟುತ್ತಿಲ್ಲ. 200 ಸೆಲೆಕ್ಟಿವಿಟಿಯ ಪೊರೆ ತಂದರೆ ಸರಿಹೋಗುತ್ತದೆಯೇ? (ಸಂಶೋಧನಾ ವಿದ್ಯಾರ್ಥಿ)

ಉತ್ತರ: ಹೋಗುವುದಿಲ್ಲ. ಪೊರೆ ಸರಿಯಾಗಿಯೇ ಇದೆ, ನಿಮ್ಮನ್ನು ಕಟ್ಟಿಹಾಕಿರುವುದು ಒತ್ತಡದ ಅನುಪಾತ.

ಯಾವುದೇ ಅನಿಲ ತನ್ನ ಪಾಲಿನ ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗಷ್ಟೇ ಹೋಗುತ್ತದೆ. ಮುಂಬದಿಯಲ್ಲಿ ಇಂಗಾಲದ ಡೈಆಕ್ಸೈಡ್‌ನ ಪಾಲು 0.13 ಬಾರ್. ಹಿಂಬದಿಯ ಒಟ್ಟು ಒತ್ತಡ 0.2 ಬಾರ್. ಅಲ್ಲಿ ಅದರ ಪಾಲು 0.13ನ್ನು ಮುಟ್ಟಿದ ಕ್ಷಣ ಹರಿವು ನಿಲ್ಲುತ್ತದೆ. 0.13ನ್ನು 0.2ರಿಂದ ಭಾಗಿಸಿದರೆ 0.65. ಶೇ 65 ನಿಮ್ಮ ಛಾವಣಿ. ಪೊರೆ ಎಷ್ಟೇ ಚೆನ್ನಾಗಿರಲಿ, ಅದರ ಮೇಲೆ ಹೋಗಲಾಗದು. ಅದೂ ಅನಿಲ ಒಳಬರುವ ತುದಿಯಲ್ಲಿ. ಮುಂದೆ ಸಾಗಿದಂತೆ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಶೇ 4ಕ್ಕೆ ಇಳಿದ ಕಡೆ ಛಾವಣಿ ಶೇ 20 ಆಗಿರುತ್ತದೆ. ಒಟ್ಟು ಸಂಗ್ರಹದ ಸರಾಸರಿ ಇನ್ನೂ ಕೆಳಗೆ.

ಒಳಬರುವ ತುದಿಗೆ ಲೆಕ್ಕ ಹಾಕಿ ನೋಡಿದ್ದೇವೆ. ಸೆಲೆಕ್ಟಿವಿಟಿ 50 ಇದ್ದರೆ ಶುದ್ಧತೆ ಶೇ 55, 100 ಇದ್ದರೆ ಶೇ 59, 200 ಇದ್ದರೆ ಶೇ 62. ನಾಲ್ಕು ಪಟ್ಟು ಒಳ್ಳೆಯ ಪೊರೆಗೆ ಸಿಕ್ಕ ಬಹುಮಾನ ಶೇ 7. ಅದೇ 50ರ ಪೊರೆಯನ್ನೇ ಇಟ್ಟುಕೊಂಡು ವ್ಯಾಕ್ಯೂಮನ್ನು 0.1 ಬಾರ್‌ಗೆ ಇಳಿಸಿ: ಶೇ 76.

ಆಳ ವ್ಯಾಕ್ಯೂಮ್ ಎಂದರೆ ವಿದ್ಯುತ್ ದುಪ್ಪಟ್ಟು ಎಂದು ಹೆದರುವವರಿದ್ದಾರೆ. 0.2 ಬಾರ್‌ನಿಂದ 1 ಬಾರ್‌ಗೆ ತರಲು ಆದರ್ಶ ಕೆಲಸ ಮೋಲಿಗೆ 4.0 ಕಿಲೋಜೌಲ್, 0.1ರಿಂದ ತರಲು 5.7. ಆದರೆ ಎರಡನೆಯದರಲ್ಲಿ ಪಂಪು ಎಳೆಯುವ ಸಾರಜನಕ ಕಡಿಮೆ. ಇಂಗಾಲದ ಡೈಆಕ್ಸೈಡ್‌ನ ಮೋಲಿಗೆ ಲೆಕ್ಕ ಹಾಕಿದರೆ 7.2 ಮತ್ತು 7.5, ಹೆಚ್ಚುಕಡಿಮೆ ಒಂದೇ. ನಿಜವಾದ ಹೊರೆ ಇರುವುದು ಪಂಪಿನ ಗಾತ್ರದಲ್ಲಿ: ಸೆಳೆಯಬೇಕಾದ ಘನ ಅಳತೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಹಿಂಬದಿಯ ಕೊಳವೆಗಳೂ ದಪ್ಪಗಿರಬೇಕು. ಆಧಾರ ಕೊಳವೆಯೊಳಗಿನ ಸಣ್ಣ ದಾರಿಯಲ್ಲೇ 0.05 ಬಾರ್ ಕಳೆದುಹೋದರೆ, ಪಂಪಿನ ಬಾಯಿಯಲ್ಲಿ 0.1 ಇದ್ದರೂ ಪೊರೆಗೆ ಕಾಣುವುದು 0.15. ಒತ್ತಡದ ಮಾಪಕವನ್ನು ಪಂಪಿನ ಹತ್ತಿರವಲ್ಲ, ಪೊರೆಯ ಹತ್ತಿರ ಇಡಿ.

ಶೇ 95 ಬೇಕೇ ಬೇಕೆಂದರೆ ಎರಡನೆಯ ಹಂತ ಹಾಕಿ. ಮೊದಲ ಹಂತದ ಶೇ 55ರಿಂದ 60ರ ಅನಿಲ ಎರಡನೆಯದಕ್ಕೆ ಹೋದಾಗ ಪ್ರಮಾಣವೂ ಕಡಿಮೆ, ಛಾವಣಿಯೂ ದೂರ. ಎರಡನೆಯ ಹಂತದಲ್ಲಿ ದಾಟದೆ ಉಳಿದದ್ದನ್ನು ಮೊದಲ ಹಂತದ ಬಾಯಿಗೆ ತಿರುಗಿಸಿ.

ಪ್ರಶ್ನೆ: ಗಂಟೆಗೆ 100 ಸಾಮಾನ್ಯ ಘನ ಮೀಟರ್ ಜಲಜನಕ ಪಡೆಯಲು ಎಷ್ಟು ಪೊರೆ ಬೇಕು? ಲೆಕ್ಕ ಹಾಕುವ ಕ್ರಮ ತಿಳಿಸಿ. (ಡಿಪ್ಲೊಮಾ ಉಪನ್ಯಾಸಕರು)

ಉತ್ತರ: ಒಂದು ಉದಾಹರಣೆ. ಒಳಬರುವ ಅನಿಲ 15 ಬಾರ್, ಅದರಲ್ಲಿ ಜಲಜನಕ ಶೇ 60. ದಾಟದೆ ಹೊರಹೋಗುವುದರಲ್ಲಿ ಶೇ 30 ಉಳಿಯಲಿ. ದಾಟಿದ ಬದಿ 1.5 ಬಾರ್, ಅಲ್ಲಿ ಬಹುಪಾಲು ಜಲಜನಕವೇ ಎಂದುಕೊಳ್ಳೋಣ. ಪೊರೆಯ ಪರ್ಮಿಯೆನ್ಸ್, ಅಂದರೆ ದಾಟಿಸುವ ಶಕ್ತಿ, ಒಂದು ಬಾರ್ ಅಂತರಕ್ಕೆ ಚದರ ಮೀಟರಿಗೆ ಸೆಕೆಂಡಿಗೆ 0.01 ಮೋಲ್. ಒಳ್ಳೆಯ ಸಿಲಿಕಾ ಪೊರೆಗೆ ಇದು ಹೆಚ್ಚೇನೂ ಅಲ್ಲ.

ಸಾಮಾನ್ಯ ಘನ ಮೀಟರ್ ಎಂದರೆ ಸೊನ್ನೆ ಡಿಗ್ರಿಯಲ್ಲಿ, ವಾತಾವರಣದ ಒತ್ತಡದಲ್ಲಿ ಅಳೆದದ್ದು; ಅಲ್ಲಿ ಒಂದು ಕಿಲೋಮೋಲ್ ಅನಿಲ 22.4 ಘನ ಮೀಟರ್ ಹಿಡಿಯುತ್ತದೆ. 100 ಘನ ಮೀಟರನ್ನು 22.4ರಿಂದ ಭಾಗಿಸಿದರೆ ಗಂಟೆಗೆ 4.46 ಕಿಲೋಮೋಲ್, ಅಂದರೆ ಸೆಕೆಂಡಿಗೆ 1.24 ಮೋಲ್. ಒಳಬರುವ ತುದಿಯಲ್ಲಿ ಜಲಜನಕದ ಪಾಲು 9 ಬಾರ್, ಹಿಂಬದಿ 1.5, ಅಂತರ 7.5. ಹೊರಹೋಗುವ ತುದಿಯಲ್ಲಿ 4.5ರಿಂದ 1.5 ಕಳೆದು 3. ಇವೆರಡರ ಲಾಗರಿದಮ್ ಸರಾಸರಿ (ಎರಡರ ವ್ಯತ್ಯಾಸವನ್ನು ಅವುಗಳ ಅನುಪಾತದ ನ್ಯಾಚುರಲ್ ಲಾಗರಿದಮ್‌ನಿಂದ ಭಾಗಿಸಿದ್ದು) 4.9 ಬಾರ್. 1.24ನ್ನು 0.01ರಿಂದಲೂ 4.9ರಿಂದಲೂ ಭಾಗಿಸಿದರೆ ವಿಸ್ತೀರ್ಣ ಸುಮಾರು 25 ಚದರ ಮೀಟರ್. ಕೊಳವೆಯ ಹೊರವ್ಯಾಸ 10 ಮಿಲಿಮೀಟರ್, ಉದ್ದ 1 ಮೀಟರ್ ಆದರೆ ಒಂದಕ್ಕೆ 0.0314 ಚದರ ಮೀಟರ್. ಸುಮಾರು 800 ಕೊಳವೆ.

ಎಲ್ಲರೂ ಎಡವುವುದು ಒಂದೇ ಕಡೆ: ಒಟ್ಟು ಒತ್ತಡದ ಅಂತರ 13.5 ಬಾರನ್ನೇ ಹಾಕಿಬಿಡುತ್ತಾರೆ. ಆಗ 9 ಚದರ ಮೀಟರ್ ಸಾಕು ಎಂದು ಉತ್ತರ ಬರುತ್ತದೆ, ಸ್ಥಾವರ ಓಡುವುದಿಲ್ಲ.

ವಿದ್ಯಾರ್ಥಿಗಳಿಂದ ಇನ್ನೊಂದು ಲೆಕ್ಕವನ್ನೂ ಮಾಡಿಸಿ. ಮೇಲಿನ ಉದಾಹರಣೆಯಲ್ಲಿ ಗಂಟೆಗೆ 233 ಘನ ಮೀಟರ್ ಮಿಶ್ರಣ ಒಳಬಂದು, ಅದರ 140 ಘನ ಮೀಟರ್ ಜಲಜನಕದಲ್ಲಿ 100 ಸಿಕ್ಕಿತು, ಶೇ 71. ಅದೇ ಮಿಶ್ರಣದಿಂದ ಶೇ 90, ಅಂದರೆ 126 ಘನ ಮೀಟರ್ ಬೇಕೆನ್ನಿ. ಹೊರಹೋಗುವ ತುದಿಯಲ್ಲಿ ಒತ್ತಡದ ಅಂತರ ಅರ್ಧ ಬಾರ್‌ಗೂ ಕೆಳಗಿಳಿದು, ವಿಸ್ತೀರ್ಣ 62 ಚದರ ಮೀಟರ್ ಆಗುತ್ತದೆ. ಕಾಲು ಪಾಲು ಹೆಚ್ಚು ಜಲಜನಕಕ್ಕೆ ಎರಡೂವರೆ ಪಟ್ಟು ಪೊರೆ! ಕೊನೆಯ ಹನಿಯನ್ನು ಪೊರೆಯಿಂದ ಹಿಂಡಲು ಹೋಗದೆ, ಉಳಿದದ್ದನ್ನು ಇಂಧನವಾಗಿ ಉರಿಸುವುದೋ ಬೇರೆ ವಿಧಾನಕ್ಕೆ ಕೊಡುವುದೋ ಬಹಳ ಸಲ ಲೇಸು.

ಪ್ರಶ್ನೆ: ಗಾಮಾ ಅಲ್ಯುಮಿನಾ ಪದರ ಒಣಗುವಾಗಲೇ ಬಿರುಕು ಬಿಡುತ್ತಿದೆ. ಮೇಲೆ ಸಿಲಿಕಾ ಬಳಿದರೂ ಸೆಲೆಕ್ಟಿವಿಟಿ 4ನ್ನು ದಾಟುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ? (ಪಿಎಚ್.ಡಿ. ವಿದ್ಯಾರ್ಥಿನಿ)

ಉತ್ತರ: ಜಲಜನಕ ಮತ್ತು ಸಾರಜನಕದ ನಡುವೆ 4 ಎಂದರೆ ನುಡ್ಸೆನ್ ಹರಿವಿನ 3.74ರ ಪಕ್ಕದಲ್ಲೇ ಇದ್ದೀರಿ. ಅನಿಲ ಸಿಲಿಕಾದ ಸಂದಿಯಲ್ಲಿ ಹೋಗುತ್ತಿಲ್ಲ, ಬಿರುಕಿನಲ್ಲಿ ಹೋಗುತ್ತಿದೆ. ಬುಡದಿಂದ ನೋಡೋಣ.

ಆಧಾರದ ಮೇಲ್ಮೈ ಮೊದಲು. ರಂಧ್ರ 100 ನ್ಯಾನೋಮೀಟರ್ ಆಸುಪಾಸಿನಲ್ಲಿದ್ದು, ಮೇಲ್ಮೈ ಕನ್ನಡಿಯಂತೆ ನಯವಾಗಿರಬೇಕು. ಒಂದು ಕಣ ಕಿತ್ತುಹೋದ ಗುಳಿ ಸಾಕು, ಬಳಿದದ್ದು ಅಲ್ಲಿ ದಪ್ಪವಾಗಿ ನಿಂತು ಬಿರಿಯುತ್ತದೆ.

ಗಾಮಾ ಅಲ್ಯುಮಿನಾ ಪದರಕ್ಕೆ ಬಳಿಯುವುದು ಬೋಹ್ಮೈಟ್ ಸಾಲ್, ಅಂದರೆ ಅತಿ ಸಣ್ಣ ಬೋಹ್ಮೈಟ್ ಕಣಗಳು ತೇಲುವ ದ್ರವ; ಬೋಹ್ಮೈಟನ್ನು ಕಾಯಿಸಿದರೆ ಗಾಮಾ ಅಲ್ಯುಮಿನಾ ಆಗುತ್ತದೆ. ಅದನ್ನು ಮಾಡಲು ಅಲ್ಯುಮಿನಿಯಂ ಸೆಕೆಂಡರಿ ಬ್ಯುಟಾಕ್ಸೈಡನ್ನು 80 ಡಿಗ್ರಿಗಿಂತ ಬಿಸಿಯಾದ ನೀರಿಗೆ ಹನಿಹನಿಯಾಗಿ ಹಾಕಿ. ಒಂದು ಮೋಲಿಗೆ ನೀರು 100 ಮೋಲ್. ತಣ್ಣೀರಿಗೆ ಹಾಕಿದರೆ ಬೋಹ್ಮೈಟ್ ಬದಲು ಬೇಯರೈಟ್ ಎಂಬ ಬೇರೆ ವಸ್ತು ಆಗುತ್ತದೆ, ಅದು ಸಾಲ್ ಆಗದೆ ತಳ ಸೇರುತ್ತದೆ. ಬ್ಯುಟನಾಲ್ ಹಾರಿಹೋಗಲು ಬಿಟ್ಟು, ನೈಟ್ರಿಕ್ ಆಮ್ಲ 0.07 ಮೋಲ್ ಸೇರಿಸಿ, 90 ಡಿಗ್ರಿಯಲ್ಲಿ ರಾತ್ರಿಯಿಡೀ ರಿಫ್ಲಕ್ಸ್ ಮಾಡಿ (ಆವಿಯನ್ನು ತಣಿಸಿ ಪಾತ್ರೆಗೇ ಮರಳಿಸುತ್ತಾ ಕಾಯಿಸಿ). ನೀಲಿ ಛಾಯೆಯ ಅರೆಪಾರದರ್ಶಕ ದ್ರವ ಬಂದರೆ ಸರಿ, ಹಾಲಿನಂತಿದ್ದರೆ ಬಳಸಬೇಡಿ. ಬಳಿಯುವ ಮುಂಚೆ ಸುಮಾರು ಶೇ 3ರ ಪಾಲಿವಿನೈಲ್ ಆಲ್ಕೋಹಾಲ್ ದ್ರಾವಣ ಬೆರೆಸಿ.

ಬಿರುಕಿನ ಮೂಲ ಒಣಗುವ ಹಂತದಲ್ಲಿದೆ. 2 ನ್ಯಾನೋಮೀಟರ್ ತ್ರಿಜ್ಯದ ರಂಧ್ರದಿಂದ ನೀರು ಹಿಂಜರಿಯುವಾಗ ಗೋಡೆಯನ್ನು ಎಳೆಯುವ ಒತ್ತಡ 700 ಬಾರ್‌ಗೂ ಮಿಕ್ಕಿದ್ದು. ಪದರ ಕುಗ್ಗಲು ನೋಡುತ್ತದೆ, ಕೆಳಗಿನ ಆಧಾರ ಬಿಡುವುದಿಲ್ಲ. ತೆಳುವಾಗಿದ್ದರೆ ತಾಳಿಕೊಳ್ಳುತ್ತದೆ, ದಪ್ಪವಿದ್ದರೆ ಹರಿಯುತ್ತದೆ. ಆದ್ದರಿಂದ ಒಂದೇ ಸಲ ದಪ್ಪ ಬಳಿಯದೆ, ಒಂದೆರಡು ಮೈಕ್ರೋಮೀಟರಿನ ಪದರವನ್ನು ಎರಡು ಸಲ ಬಳಿಯಿರಿ. ಪ್ರತಿ ಸಲವೂ 40 ಡಿಗ್ರಿ, ಶೇ 60 ಆರ್ದ್ರತೆಯ ಪೆಟ್ಟಿಗೆಯಲ್ಲಿ ನಿಧಾನ ಒಣಗಿಸಿ. ಆಮೇಲೆ ನಿಮಿಷಕ್ಕೆ 1 ಡಿಗ್ರಿಯಂತೆ ಏರಿಸಿ 600 ಡಿಗ್ರಿಯಲ್ಲಿ 3 ಗಂಟೆ. ಎರಡನೆಯ ಪದರ ಮೊದಲನೆಯದರ ಸಣ್ಣಪುಟ್ಟ ತೂತುಗಳನ್ನೂ ಮುಚ್ಚುತ್ತದೆ.

ಸಿಲಿಕಾಕ್ಕೆ ನೆದರ್‌ಲೆಂಡ್ಸ್‌ನ ಸಂಶೋಧಕರಾದ ಡಿ ವೋಸ್ ಮತ್ತು ವೆರ್ವೈ 1998ರಲ್ಲಿ ಪ್ರಕಟಿಸಿದ ಪಾಕವೇ ಈಗಲೂ ಒಳ್ಳೆಯ ಆರಂಭ. ಟೆಟ್ರಾಈಥೈಲ್ ಆರ್ಥೋಸಿಲಿಕೇಟ್ 1 ಮೋಲ್, ಎಥನಾಲ್ 3.8, ನೀರು 6.4, ನೈಟ್ರಿಕ್ ಆಮ್ಲ 0.085. ಆಮ್ಲ ಬೆರೆಸಿದ ನೀರನ್ನು ಮಂಜುಗಡ್ಡೆಯ ಮೇಲಿಟ್ಟ ಮಿಶ್ರಣಕ್ಕೆ ಹನಿಸಿ, 60 ಡಿಗ್ರಿಯಲ್ಲಿ 3 ಗಂಟೆ ಇಟ್ಟು, ಎಥನಾಲ್‌ನಲ್ಲಿ 19 ಪಟ್ಟು ತೆಳು ಮಾಡಿ ಬಳಿಯಬೇಕು. ನಿಮಿಷಕ್ಕೆ ಅರ್ಧ ಡಿಗ್ರಿಯಂತೆ 400 ಅಥವಾ 600 ಡಿಗ್ರಿಗೆ ಏರಿಸಿ. 600ರಲ್ಲಿ ರಂಧ್ರ ಇನ್ನಷ್ಟು ಬಿಗಿಯಾಗಿ ಸೆಲೆಕ್ಟಿವಿಟಿ ಏರುತ್ತದೆ, ಹರಿವು ಇಳಿಯುತ್ತದೆ. ಅವರ ಫಲಿತಾಂಶಕ್ಕೆ ಪಾಕದಷ್ಟೇ ಮುಖ್ಯವಾದದ್ದು ಧೂಳಿಲ್ಲದ ಕ್ಲೀನ್ ರೂಮ್. ಪದರದ ದಪ್ಪ ಸುಮಾರು 30 ನ್ಯಾನೋಮೀಟರ್; ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಅದರ ಹತ್ತಾರು ಪಟ್ಟು ದೊಡ್ಡದು. ಕ್ಲೀನ್ ರೂಮ್ ಇಲ್ಲದಿದ್ದರೆ ಸೋಸಿದ ಗಾಳಿಯ ಲ್ಯಾಮಿನಾರ್ ಫ್ಲೋ ಪೆಟ್ಟಿಗೆಯೊಳಗೆ ಬಳಿದು, ಒಣಗುವವರೆಗೂ ಅಲ್ಲಿಂದ ಹೊರತೆಗೆಯಬೇಡಿ. ಬಳಿಯುವ ಸಾಲ್ ದ್ರವವನ್ನು 0.2 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿಯೇ ಬಳಸಿ.

ಪ್ರಶ್ನೆ: ಸೋರಿಕೆ ಪೊರೆಯಲ್ಲಿದೆಯೋ ಸೀಲಿನಲ್ಲಿದೆಯೋ ಕಂಡುಹಿಡಿಯುವುದು ಹೇಗೆ? (ಪ್ರಯೋಗಾಲಯ ಸಹಾಯಕ)

ಉತ್ತರ: ಈ ಪ್ರಶ್ನೆಯನ್ನು ಎಷ್ಟು ಹೆಚ್ಚು ಜನ ಕೇಳಿದರೆ ಅಷ್ಟು ಒಳ್ಳೆಯದು. ಜಲಜನಕಕ್ಕೆ 100, ಸಾರಜನಕಕ್ಕೆ 1 ಎಂಬಂತೆ ದಾಟಿಸುವ ಪೊರೆಯಲ್ಲಿ ಎರಡಕ್ಕೂ ಸಮವಾಗಿ 1 ದಾಟಿಸುವ ಒಂದು ಸೋರಿಕೆ ಸೇರಿತೆನ್ನಿ. ಈಗ 101ಕ್ಕೆ 2. ಸೆಲೆಕ್ಟಿವಿಟಿ 100 ಇದ್ದದ್ದು 50 ಆಯಿತು. ಒಟ್ಟು ಹರಿವಿನ ಶೇ 1ರಷ್ಟು ಸೋರಿಕೆ ಅರ್ಧ ಗುಣವನ್ನು ತಿಂದುಹಾಕಿತು.

ಮೊದಲು ಪೊರೆಯ ಕೊಳವೆ ತೆಗೆದು, ಅದೇ ಅಳತೆಯ ರಂಧ್ರವಿಲ್ಲದ ಕೊಳವೆಯನ್ನು ಅದೇ ಸೀಲುಗಳಲ್ಲಿ ಕೂರಿಸಿ. ಸಾರಜನಕ 5 ಬಾರ್ ಹಾಕಿ ಮುಚ್ಚಿ, ಒಂದು ಗಂಟೆ ಒತ್ತಡ ನೋಡಿ. ಇಳಿದರೆ ದೋಷ ಸೀಲಿನದು. ಇಳಿಯದಿದ್ದರೆ ಪೊರೆಯನ್ನು ವಾಪಸ್ ಹಾಕಿ, ಸಾರಜನಕದ ಹರಿವನ್ನು 1, 2, 3, 4 ಬಾರ್ ಅಂತರಗಳಲ್ಲಿ ಅಳೆಯಿರಿ. ಪ್ರತಿ ಬಾರ್‌ಗೆ ಬರುವ ಹರಿವು ಎಲ್ಲ ಒತ್ತಡದಲ್ಲೂ ಒಂದೇ ಇದ್ದರೆ ದೊಡ್ಡ ತೂತಿಲ್ಲ. ಒತ್ತಡದೊಂದಿಗೆ ಅದೂ ಏರುತ್ತಾ ಹೋದರೆ ಬಿರುಕಿನಲ್ಲಿ ಅನಿಲ ಹೊಳೆಯಂತೆ ಹರಿಯುತ್ತಿದೆ. ತಾಪ ಏರಿಸಿಯೂ ನೋಡಿ: ಒಳ್ಳೆಯ ಸಿಲಿಕಾದಲ್ಲಿ ಜಲಜನಕದ ಹರಿವು ಏರಬೇಕು. ಇಳಿದರೆ ಅದು ನುಡ್ಸೆನ್ ದಾರಿ.

ತೂತು ಎಲ್ಲಿದೆ ಎಂದು ಕಣ್ಣಾರೆ ಕಾಣಬೇಕಾದರೆ ಕೊಳವೆಯನ್ನು ಐಸೊಪ್ರೊಪನಾಲ್‌ನಲ್ಲಿ ಮುಳುಗಿಸಿ ಒಳಗಿನಿಂದ ಸಾರಜನಕ ಊದಿ. 1 ಮೈಕ್ರೋಮೀಟರ್ ತೂತಿನಿಂದ ಗುಳ್ಳೆ ಬರುವುದು ಸುಮಾರು 0.87 ಬಾರ್‌ನಲ್ಲಿ, ಅದಕ್ಕಿಂತ ದೊಡ್ಡದಿದ್ದರೆ ಇನ್ನೂ ಬೇಗ. ಗುಳ್ಳೆ ಯಾವಾಗಲೂ ಕೊಳವೆಯ ತುದಿಯಲ್ಲೇ ಬರುತ್ತಿದ್ದರೆ ಪದರ ತಪ್ಪಿತಸ್ಥನಲ್ಲ. ತುದಿಗೆ ಗಾಜಿನ ಗ್ಲೇಜ್ ಸರಿಯಾಗಿ ಹಚ್ಚಿಲ್ಲ, ಅನಿಲ ಪೊರೆಯನ್ನು ಬಳಸಿಕೊಂಡು ಆಧಾರದ ರಂಧ್ರಗಳ ಮೂಲಕವೇ ಹೋಗುತ್ತಿದೆ. ಪದರ ಹಚ್ಚುವ ಮೊದಲೇ ಎರಡೂ ತುದಿಗೆ ಗ್ಲೇಜ್ ಹಾಕಿ ಸುಟ್ಟು, ಪದರವನ್ನು ಅದರ ಮೇಲೆ ಸ್ವಲ್ಪ ಹತ್ತಿಸಿ ಬಳಿಯಬೇಕು.

ಪ್ರಶ್ನೆ: ಸೀಲಿಗೆ ಬಳಸುವ ವೈಟಾನ್ ರಬ್ಬರಿನ ಓ-ರಿಂಗ್ 400 ಡಿಗ್ರಿಗೆ ಆಗುತ್ತದೆಯೇ? (ಅದೇ ಓದುಗರು)

ಉತ್ತರ: ಇಲ್ಲ, 200ರವರೆಗೆ ಮಾತ್ರ. 400ಕ್ಕೆ ಗ್ರಾಫೈಟ್ ಫೆರೂಲ್ (ಕೊಳವೆಯ ಸುತ್ತ ಬಿಗಿಯುವ ಉಂಗುರ) ಬಳಸಿ, ಆದರೆ ಬಿಸಿ ಗಾಳಿ ಸೋಕಿದರೆ ಅದೂ ನಿಧಾನವಾಗಿ ಉರಿದುಹೋಗುತ್ತದೆ. ಸಾಧ್ಯವಾದರೆ ಕೊಳವೆಯನ್ನು ಉದ್ದ ಮಾಡಿ ಸೀಲನ್ನು ಕುಲುಮೆಯ ಹೊರಗೆ, ತಣ್ಣಗಿನ ಜಾಗದಲ್ಲಿ ಇಡಿ.

ಪ್ರಶ್ನೆ: ಬೇರಿಯಂ, ಸ್ಟ್ರಾಂಶಿಯಂ, ಕೋಬಾಲ್ಟ್, ಕಬ್ಬಿಣದ ಪೆರೋವ್‌ಸ್ಕೈಟ್ ಕೊಳವೆಯಲ್ಲಿ ಆಮ್ಲಜನಕ ಬೇರ್ಪಡಿಸುತ್ತಿದ್ದೇವೆ. ಮೊದಲ ದಿನಗಳಲ್ಲಿ ಇದ್ದ ಹರಿವು ವಾರಗಳಲ್ಲಿ ಇಳಿದುಹೋಯಿತು. ಕಾರಣವೇನು? (ಸಾಮಗ್ರಿ ವಿಜ್ಞಾನದ ಸಂಶೋಧಕರು)

ಉತ್ತರ: ಬಿಎಸ್‌ಸಿಎಫ್ ಎಂದು ಕರೆಯುವ ಈ ವಸ್ತು ಹರಿವಿನಲ್ಲಿ ಅಗ್ರಗಣ್ಯ, ಆಯುಷ್ಯದಲ್ಲಿ ಅಲ್ಲ. ಮೂರು ಜಾಗ ನೋಡಿ.

ನೀವು ಓಡಿಸುವ ತಾಪ ಎಷ್ಟು? ಸುಮಾರು 850 ಡಿಗ್ರಿಗಿಂತ ಕೆಳಗೆ ಬಹಳ ದಿನ ಇಟ್ಟರೆ ಘನಾಕೃತಿಯ ಸ್ಫಟಿಕದ ಒಂದು ಭಾಗ ಷಡ್ಭುಜ ರಚನೆಗೆ ತಿರುಗುತ್ತದೆ. ಅದರಲ್ಲಿ ಆಮ್ಲಜನಕ ಸುಲಭವಾಗಿ ಸಾಗುವುದಿಲ್ಲ. ಹಿಂಬದಿಯಲ್ಲಿ ಹರಿಸುವ ಸ್ವೀಪ್ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯೇ? ಬೇರಿಯಂ ಮತ್ತು ಸ್ಟ್ರಾಂಶಿಯಂ ಅದನ್ನು ಹಿಡಿದು ಕಾರ್ಬೊನೇಟ್ ಆಗಿ ಮೇಲ್ಮೈಯನ್ನು ಮುಚ್ಚಿಬಿಡುತ್ತವೆ. ಇಂಗಾಲದ ಡೈಆಕ್ಸೈಡ್ ಇಲ್ಲದ ಅನಿಲದಲ್ಲಿ 900 ಡಿಗ್ರಿಗೂ ಮೇಲೆ ಕಾಯಿಸಿದರೆ ಹರಿವು ಬಹುಮಟ್ಟಿಗೆ ಮರಳುತ್ತದೆ. ಇವೆರಡೂ ಅಲ್ಲವಾದರೆ ಸುತ್ತಲಿನ ಸಾಮಗ್ರಿ ಪರೀಕ್ಷಿಸಿ: ಸ್ಟೇನ್‌ಲೆಸ್ ಸ್ಟೀಲಿನಿಂದ ಆವಿಯಾಗಿ ಬರುವ ಕ್ರೋಮಿಯಂ, ಗಾಜಿನ ಸೀಲಿನ ಸಿಲಿಕಾ, ಅನಿಲದಲ್ಲಿರುವ ಗಂಧಕ ಮೂರೂ ಸ್ಟ್ರಾಂಶಿಯಂನ ಬೆನ್ನು ಹತ್ತುತ್ತವೆ.

ದೀರ್ಘಕಾಲ ಓಡಬೇಕಾದ ಘಟಕಕ್ಕೆ ನಮ್ಮ ಆಯ್ಕೆ ಲ್ಯಾಂಥನಂ ಬೆರೆತ ಎಲ್‌ಎಸ್‌ಸಿಎಫ್. ಹರಿವು ಕಡಿಮೆ, ಬಾಳಿಕೆ ಹೆಚ್ಚು.

ಹರಿವು ಹೆಚ್ಚಿಸಲು ಗಾಳಿಯ ಒತ್ತಡ ಏರಿಸುವ ಮುನ್ನ ಒಮ್ಮೆ ಯೋಚಿಸಿ. ಇಲ್ಲಿ ಹರಿವು ನಿಂತಿರುವುದು ಆಮ್ಲಜನಕದ ಪಾಲು ಒತ್ತಡಗಳ ಅನುಪಾತದ ಲಾಗರಿದಮ್ ಮೇಲೆ. ಗಾಳಿ 10 ಬಾರ್, ಹಿಂಬದಿ 0.5 ಬಾರ್ ಇದ್ದಾಗ ಅನುಪಾತ 4.2. ಗಾಳಿಯನ್ನು 20 ಬಾರ್‌ಗೆ ಏರಿಸಿದರೆ 8.4, ಹರಿವು ಏರುವುದು ಶೇ 48 ಮಾತ್ರ. ಪದರವನ್ನು ಅರ್ಧ ತೆಳುವಾಗಿಸಿದರೆ ಹರಿವು ದುಪ್ಪಟ್ಟಿನ ಹತ್ತಿರ ಹೋಗುತ್ತದೆ, ಮೇಲ್ಮೈಯ ರಾಸಾಯನಿಕ ಕ್ರಿಯೆಯೇ ಅಡ್ಡಿಯಾಗುವ ತನಕ.

ಹೊರಬರುವ ಆಮ್ಲಜನಕದಲ್ಲಿ ಸಾರಜನಕ ಕಂಡರೆ ಅದು ಸೋರಿಕೆಯೇ. ಅಳೆದ ಸಾರಜನಕವನ್ನು 0.266ರಿಂದ ಗುಣಿಸಿ, ಒಟ್ಟು ಆಮ್ಲಜನಕದಿಂದ ಕಳೆಯಿರಿ. ಉಳಿದದ್ದಷ್ಟೇ ಪೊರೆಯ ಸಾಧನೆ.

ಪ್ರಶ್ನೆ: ಅಗ್ಗದ ಪಾಲಿಮರ್ ಪೊರೆಗಳಿರುವಾಗ ಸೆರಾಮಿಕ್ ಏಕೆ? (ಸಣ್ಣ ಉದ್ದಿಮೆದಾರರು)

ಉತ್ತರ: ನಿಮ್ಮ ಅನಿಲ 60 ಡಿಗ್ರಿಗಿಂತ ತಣ್ಣಗಿದ್ದು, ಶುದ್ಧವಾಗಿದ್ದು, ಒತ್ತಡ ಮಿತವಾಗಿದ್ದರೆ ಪಾಲಿಮರ್ ಪೊರೆಯನ್ನೇ ಹಾಕಿ. ಚದರ ಮೀಟರಿಗೆ ಅದರ ಬೆಲೆ ಸೆರಾಮಿಕ್‌ಗಿಂತ ಎಷ್ಟೋ ಪಟ್ಟು ಕಡಿಮೆ, ಒಂದು ಘನ ಮೀಟರ್ ಜಾಗದಲ್ಲಿ ಹಿಡಿಸುವ ವಿಸ್ತೀರ್ಣವೂ ಬಹಳ ಹೆಚ್ಚು. ಅನಿಲ 200 ಡಿಗ್ರಿಗೂ ಮೇಲಿದ್ದು ಅದನ್ನು ತಣಿಸಿ ಮತ್ತೆ ಕಾಯಿಸುವ ನಷ್ಟ ತಪ್ಪಿಸಬೇಕಿದ್ದರೆ, ಅಥವಾ ಹೆಚ್ಚು ಒತ್ತಡದ ಇಂಗಾಲದ ಡೈಆಕ್ಸೈಡ್ ಪಾಲಿಮರನ್ನು ಉಬ್ಬಿಸಿ ಸೆಲೆಕ್ಟಿವಿಟಿ ಕೆಡಿಸುತ್ತಿದ್ದರೆ, ಸೆರಾಮಿಕ್‌ಗೆ ಅರ್ಥವಿದೆ.

ಸೆರಾಮಿಕ್ ಏನನ್ನೂ ತಾಳುತ್ತದೆ ಎಂಬ ಮಾತು ಮಾತ್ರ ಸುಳ್ಳು. ಬರಿಯ ಸಿಲಿಕಾ ಪದರ ಬಿಸಿ ಉಗಿಯಲ್ಲಿ ಕುಗ್ಗಿ ರಂಧ್ರ ಮುಚ್ಚಿಕೊಳ್ಳುತ್ತದೆ. ಜಿಯೋಲೈಟ್‌ಗೆ ನೀರಾವಿ ತಗಲಿದರೆ ಅದೇ ಬಾಗಿಲಲ್ಲಿ ಕೂತು ಬೇರೆಯವರನ್ನು ಬಿಡುವುದಿಲ್ಲ. ಕಂಪ್ರೆಸರಿನ ಎಣ್ಣೆಯ ಮಂಜೂ ಅಷ್ಟೇ ಕೆಟ್ಟದ್ದು. ಪೊರೆಯ ಮುಂದೆ ನೀರು ಬೇರ್ಪಡಿಸುವ ಪಾತ್ರೆ, ಮಂಜನ್ನು ಹನಿಗೂಡಿಸಿ ಹಿಡಿಯುವ 0.01 ಮೈಕ್ರೋಮೀಟರಿನ ಕೋಲೆಸಿಂಗ್ ಫಿಲ್ಟರ್, ಸಕ್ರಿಯ ಇದ್ದಿಲಿನ ಹಾಸು, ಆ ಮೇಲೆ ಅನಿಲವನ್ನು ಇಬ್ಬನಿ ಬಿಂದುವಿಗಿಂತ (ಆವಿ ಹನಿಗಟ್ಟುವ ತಾಪಕ್ಕಿಂತ) 15ರಿಂದ 20 ಡಿಗ್ರಿ ಮೇಲಿಡುವ ಹೀಟರ್, ಈ ಕ್ರಮದಲ್ಲಿ ಇರಲಿ.

ಪ್ರಶ್ನೆ: ಕೊಳವೆ ಮುರಿದರೆ ಅಪಾಯವೇ? (ಸುರಕ್ಷತಾ ಅಧಿಕಾರಿ)

ಉತ್ತರ: ಹೌದು. ಸೆರಾಮಿಕ್ ಬಾಗುವುದಿಲ್ಲ, ಮುನ್ಸೂಚನೆ ಕೊಡದೆ ಒಡೆಯುತ್ತದೆ. ಒಡೆದ ಕ್ಷಣ, ಮೇಲಿನ ಜಲಜನಕದ ಉದಾಹರಣೆಯನ್ನೇ ತೆಗೆದುಕೊಂಡರೆ, ಮುಂಬದಿಯ 15 ಬಾರ್ ಪೂರ್ತಿ ಹಿಂಬದಿಗೆ ನುಗ್ಗುತ್ತದೆ. ಹಿಂಬದಿಯ ಕೊಳವೆ, ಕವಾಟ, ಮಾಪಕಗಳನ್ನು ಅದರ 1.5 ಬಾರ್‌ಗೆ ವಿನ್ಯಾಸ ಮಾಡಿರುತ್ತಾರೆ. ಅಲ್ಲಿ ಸಾಕಷ್ಟು ದೊಡ್ಡ ಸೇಫ್ಟಿ ವಾಲ್ವ್ ಇಲ್ಲದಿದ್ದರೆ ಘಟಕವನ್ನು ಚಾಲೂ ಮಾಡಲು ಒಪ್ಪಬೇಡಿ. ಹೆಚ್ಚಿನ ಒತ್ತಡ ಕೊಳವೆಯ ಹೊರಗಿರಲಿ. ಸೆರಾಮಿಕ್ ಅದುಮಿದರೆ ತಾಳುತ್ತದೆ, ಒಳಗಿನಿಂದ ಹಿಗ್ಗಿಸಿದರೆ ಸೀಳುತ್ತದೆ. ಕೊಳವೆಯ ಒಂದೇ ತುದಿಯನ್ನು ಬಿಗಿದು ಇನ್ನೊಂದನ್ನು ಮುಚ್ಚಿ ಸ್ವತಂತ್ರವಾಗಿ ಬಿಟ್ಟರೆ, ಕಾದಾಗ ಉಕ್ಕಿನ ಕವಚಕ್ಕೂ ಅದಕ್ಕೂ ಹಿಗ್ಗಾಟದಲ್ಲಿ ಬರುವ ಅಂತರ ಅದನ್ನು ಮುರಿಯುವುದಿಲ್ಲ. ಅಲ್ಯುಮಿನಾ ಹಿಗ್ಗುವುದು ಸ್ಟೇನ್‌ಲೆಸ್ ಸ್ಟೀಲಿನ ಅರ್ಧಕ್ಕಿಂತ ಕಡಿಮೆ.

ಜಲಜನಕ ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಚಾಲೂ ಮಾಡುವಾಗ ಕ್ರಮ ತಪ್ಪಬಾರದು: ಎರಡೂ ಬದಿಗೆ ಸಾರಜನಕ ಹರಿಸಿ ಆಮ್ಲಜನಕ ಶೇ 1ಕ್ಕಿಂತ ಕೆಳಗಿಳಿದದ್ದನ್ನು ಮಾಪಕದಲ್ಲಿ ನೋಡಿ. ಸಾರಜನಕದಲ್ಲೇ ನಿಮಿಷಕ್ಕೆ 1ರಿಂದ 2 ಡಿಗ್ರಿಯಂತೆ ಕಾಯಿಸಿ. ಕೆಲಸದ ತಾಪ ಬಂದ ಮೇಲೆ ಸಾರಜನಕದಿಂದಲೇ ಒತ್ತಡ ಏರಿಸಿ ಹಿಂಬದಿಯ ಹರಿವನ್ನು ಹಿಂದಿನ ಸಲದ ದಾಖಲೆಗೆ ಹೋಲಿಸಿ; ಹೆಚ್ಚಿದ್ದರೆ ಅಲ್ಲೇ ನಿಲ್ಲಿಸಿ. ಸರಿಯಿದ್ದರೆ ಮಾತ್ರ ನಿಧಾನಕ್ಕೆ ಜಲಜನಕದ ಮಿಶ್ರಣ ಬಿಡಿ. ನಿಲ್ಲಿಸುವಾಗ ಇದೇ ಕ್ರಮ ಹಿಂದುಮುಂದಾಗಿ: ಮೊದಲು ಜಲಜನಕ ಕಳಿಸಿ, ಆಮೇಲೆ ಒತ್ತಡ ಇಳಿಸಿ, ಕೊನೆಗೆ ತಣಿಸಿ. ಹಿಂಬದಿಯ ಹರಿವಿನ ಮಾಪಕವನ್ನು ಮುಂಬದಿಯ ಕವಾಟಕ್ಕೆ ಜೋಡಿಸಿ, ಹರಿವು ಏಕಾಏಕಿ ಏರಿದರೆ ಕವಾಟ ತಾನಾಗಿ ಮುಚ್ಚುವಂತೆ ಮಾಡಿ.